ತಾನಾಗಿ ತೆರೆಯುವ ಡ್ರಾಯರ್

ನಮ್ಮ ಕಾಮೊ ಊರಿನಲ್ಲಿ ನನ್ನ ಭಾವ ಕಿಚಿಜಿಯಷ್ಟು ಸಿಡುಕಿನ ಬಡಗಿ ಇನ್ನೊಬ್ಬರಿಲ್ಲ. ನಲವತ್ತು ವರ್ಷ ಮದುವೆ ಹೆಣ್ಣುಗಳಿಗೆ ಕಿಮೊನೊ ಇಡುವ ಬೀರು ಮಾಡಿದವರು. ಈಗ ಅವನ್ನು ಕೇಳುವವರೇ ಇಲ್ಲ. ನಾನು ಕೊಂಬು, ರೆಕ್ಕೆಗಳಿರುವ ಕಿನ್ನರಿ ಗೊಂಬೆಗಳಿಗೆ ಉಡುಪು ಹೊಲಿದು ಮಾರುತ್ತೇನೆ. ಹಾಗಾಗಿ ಅವರೀಗ ಆ ಉಡುಪು ಇಡಲು ಗೇಣೆತ್ತರದ ಬೀರು ಮಾಡುತ್ತಾರೆ.

ಹೋದ ವಾರ ಒಸಾಕಾದ ಗಿರಾಕಿಯೊಬ್ಬಳು ಅಂಥದೊಂದು ಬೀರುವನ್ನು ವಾಪಸ್ಸು ಕಳಿಸಿದಳು. ಜೊತೆಗಿದ್ದ ಚೀಟಿಯನ್ನು ನಾನೇ ಓದಿ ಹೇಳಿದೆ: "ಮೇಲಿನ ಡ್ರಾಯರ್ ಮುಚ್ಚಿದರೆ ಕೆಳಗಿನದು ತಾನಾಗಿ ಹೊರಗೆ ಬರುತ್ತದೆ. ದಯವಿಟ್ಟು ಸರಿಮಾಡಿಕೊಡಿ."

"ಭಾವ, ಹಿಂದೆ ಒಂದು ತೂತು ಕೊರೆದುಬಿಡಿ, ಗಾಳಿ ಹೋಗುತ್ತೆ. ಎರಡು ನಿಮಿಷದ ಕೆಲಸ."

"ನಿನ್ನ ತಲೆಗೆ ಕೊರೀತೀನಿ, ಸುಮ್ನಿರೇ ಮಾರಾಯ್ತಿ!"

ಭಾವ ಮೇಲಿನ ಡ್ರಾಯರನ್ನು ಮೆಲ್ಲಗೆ ತಳ್ಳಿದರು. ಕೆಳಗಿನದು ಬೆರಳಗಲ ಹೊರಬಂತು. ಎಲ್ಲೂ ಕೂದಲೆಳೆಯಷ್ಟು ಸಂದಿಲ್ಲದಿದ್ದರೆ ಮಾತ್ರ ಒಳಗಿನ ಗಾಳಿ ಹೀಗೆ ಇನ್ನೊಂದನ್ನು ದೂಡುತ್ತದೆ. ದೊಡ್ಡ ಬೀರುಗಳಲ್ಲಿ ಹೀಗಾಗದಿದ್ದರೆ ಅವರ ಗುರು ಒದ್ದು ಮುರಿಯುತ್ತಿದ್ದರಂತೆ. ಸರಿಯಾಗಿ ಆದರೂ ಹೊಗಳಿಕೆಯ ಒಂದು ಮಾತೂ ಆಡದೆ ಮುಂದಕ್ಕೆ ಹೋಗುತ್ತಿದ್ದರಂತೆ. ಇಷ್ಟು ಚಿಕ್ಕದರಲ್ಲಿ ಅದು ಆಗದ ಮಾತು ಎಂದುಕೊಂಡು ಭಾವ ಪರೀಕ್ಷಿಸಿಯೂ ಇರಲಿಲ್ಲ.

"ಅವಳಿಗೆ ಏನಂತ ಬರೀಲಿ?"

"ಬೇರೆ ಬೀರು ಕಳಿಸ್ತೀವಿ ಅಂತ ಬರಿ. ಇದನ್ನ ಕೊಡಲ್ಲ."

ಆಮೇಲೆ ಚೀಟಿಯನ್ನು ನನ್ನ ಕೈಯಿಂದ ಕಸಿದುಕೊಂಡು, ಗೋಡೆಯ ಮೇಲಿದ್ದ, ತೀರಿಹೋದ ಗುರುವಿನ ಫೋಟೋದ ಎದುರು ನಿಂತು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಸ್ವಲ್ಪ ಹೊತ್ತು ಕಾದರು.

"ಈಗಲಾದ್ರೂ ಏನಾದ್ರೂ ಹೇಳಿ," ಅಂದರು.