ಬಾಣಂತಿ ಬೆಕ್ಕಿನ ಮೈಯ ಅಂಟು

ಬೆಕ್ಕು ಒಳಗೆ ಬಂದ ರೀತಿಯೇ ಸರಿಯಿರಲಿಲ್ಲ. ದಿನಾ ಕಿಟಕಿಯಿಂದ ನೆಗೆದು ನೇರ ಅಟ್ಟಕ್ಕೆ ಹೋಗುತ್ತಿದ್ದದ್ದು ಆ ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ಗೋಡೆ ಸವರಿಕೊಂಡು ಬಂತು. ನಡುಮನೆಯಲ್ಲಿ ಕೂತು ಪಕ್ಕೆ ನೆಕ್ಕಲು ನೋಡಿತು. ನಾಲಿಗೆ ಸಿಕ್ಕಿಕೊಂಡಂತಾಗಿ ತಲೆ ಕೊಡವಿತು. ಎಡಪಕ್ಕೆಯಿಂದ ಹೊಟ್ಟೆಯವರೆಗೆ ಕೂದಲು ಗಂಟುಗಂಟಾಗಿತ್ತು. ಬೂದುಬಣ್ಣದ ಅಂಟಿನಲ್ಲಿ ಒಣಗಿದ ಎಲೆಚೂರು, ಧೂಳು, ತೆಂಗಿನ ನಾರು ಕೂಡಿಕೊಂಡಿದ್ದವು.

ನಾನು ಹಲಗೂರಿನಿಂದ ಬಂದು ಬಸ್ಸಿಳಿದು ಆಗತಾನೇ ಊಟಕ್ಕೆ ಕೂತಿದ್ದೆ. ಮಂಡ್ಯದ ಒಂದು ದಿನಪತ್ರಿಕೆಗೆ ಮಳವಳ್ಳಿ ತಾಲ್ಲೂಕಿನ ಸುದ್ದಿ ಕಳಿಸುವುದು ನನ್ನ ಕೆಲಸ. ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಬೆಕ್ಕು ಅಕ್ಕನದು. ಅದು ಮರಿ ಹಾಕಿ ವಾರ ತುಂಬಿರಲಿಲ್ಲ. ಅಟ್ಟದ ಬಿದಿರು ಕುಕ್ಕೆಯೊಳಗೆ ಕಣ್ಣು ಬಿಡದ ಮರಿಗಳು ಆಗಲೇ ಕೂಗಲು ಶುರು ಮಾಡಿದ್ದವು. ಹಿಂದಿನ ಸಲ ಹಾಕಿದವುಗಳಲ್ಲಿ ಒಂದೂ ಉಳಿದಿರಲಿಲ್ಲ. ಹಾಗಾಗಿ ಈ ಸಲ ಅಕ್ಕ ನನ್ನನ್ನೂ ಏಣಿ ಹತ್ತಲು ಬಿಡುತ್ತಿರಲಿಲ್ಲ.

ಅಂಟು ಇದ್ದದ್ದು ಮೊಲೆಗಳ ಸಾಲಿನ ಪಕ್ಕದಲ್ಲೇ. ಬೆಕ್ಕನ್ನು ಹಾಗೇ ಮೇಲೆ ಬಿಟ್ಟರೆ ಮರಿಗಳ ಬಾಯಿಗೆ ಏನು ಹೋಗುತ್ತದೋ ಗೊತ್ತಿಲ್ಲ. ಕೆಳಗೇ ಕೂಡಿಹಾಕಿದರೆ ಮರಿಗಳು ಹಸಿವಿನಿಂದ ಹೋಗುತ್ತವೆ. ಬೆಕ್ಕು ಏಣಿಯ ಕಡೆ ಹೊರಟಾಗ ಅಕ್ಕ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡಳು. ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ ತೀರ್ಪು ಕೊಟ್ಟಳು.

“ಇಲಿ ಅಂಟು ಕಣ್ಲಾ ಇದು. ಆವಯ್ಯಂದೇ ಕೆಲ್ಸ.”

ಆವಯ್ಯ ಎಂದರೆ ಗೋಡೆಯಾಚೆಯ ಮನೆಯವರು, ನಮಗಿಂತ ಹಿರಿಯರು. ನಾನು ಮಾವ ಎಂದೇ ಕರೆಯುವುದು. ಎರಡು ಮನೆಗೂ ಸೇರಿದ ಗೋಡೆಯ ಮೇಲೆ ನಮ್ಮ ನೀರಿನ ಡ್ರಮ್ಮು ಕೂತಿದೆ. ಅದರ ಬುಡ ಸೀಳಿ ಅವರ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. ಸೌದೆ ನೆನೆಯುತ್ತದೆ ಎಂದು ಅವರು ಹೇಳಿ ಹೇಳಿ ಸಾಕಾಗಿದ್ದರು. ಹೊಸದು ತರುವವರೆಗೆ ಸೌದೆ ಆಚೆ ಇಟ್ಟುಕೊಳ್ಳಲಿ ಎಂದು ಅಕ್ಕ ಅಂದಿದ್ದಳು. ಅಲ್ಲಿಂದ ಮಾತು ನಿಂತಿತ್ತು. ಇದರ ಜೊತೆಗೆ ಬೆಕ್ಕು ತಮ್ಮ ಮರಳಿನ ಗುಡ್ಡೆಯನ್ನು ಕೆರೆದು ಗಲೀಜು ಮಾಡುತ್ತದೆ ಎಂಬ ದೂರೂ ಅವರದಿತ್ತು.

ಅಕ್ಕನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಹೋದ ಸಂತೆಯಲ್ಲಿ ಅವರು ಇಲಿ ಹಿಡಿಯುವ ಅಂಟಿನ ಹಲಗೆ ಕೊಳ್ಳುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಆಗ ಹೇಳಲಿಲ್ಲ. ಕೊಂಡದ್ದನ್ನು ಕಂಡಿದ್ದೆನೇ ಹೊರತು ಇಟ್ಟದ್ದನ್ನು ಕಂಡಿರಲಿಲ್ಲ. ನನ್ನ ವೃತ್ತಿಯಲ್ಲಿ ಇವೆರಡರ ನಡುವೆ ಅಂತರವಿದೆ. ಆದರೆ ಮನಸ್ಸಿನಲ್ಲಿ ಸುದ್ದಿಯ ತಲೆಬರಹ ಆಗಲೇ ತಯಾರಾಗಿತ್ತು.

ಅಕ್ಕ ಮೂಲೆಯಲ್ಲಿದ್ದ ಹಳೆಯ ಸೀಮೆಎಣ್ಣೆ ಬಾಟಲಿಗೆ ಕೈ ಹಾಕಿದಳು. ಕಾಲಿಗೆ ಡಾಂಬರು ಹತ್ತಲಿ, ಕೈಗೆ ಬಣ್ಣ ಹತ್ತಲಿ, ನಮ್ಮ ಕಡೆ ಮೊದಲು ನೆನಪಾಗುವುದು ಅದೇ. ನಾನು ಬಾಟಲಿ ಹಿಡಿದು ನಿಲ್ಲಿಸಿ, ಪರಿಚಯವಿದ್ದ ದನದ ಡಾಕ್ಟರಿಗೆ ಫೋನು ಮಾಡಿದೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರು ಯಾವುದನ್ನೂ ಹತ್ತಿರ ತರಬೇಡಿ ಅಂದರು. ಚರ್ಮ ಸುಡುತ್ತದೆ, ಬೆಕ್ಕು ನೆಕ್ಕಿದರೆ ಶ್ವಾಸಕೋಶಕ್ಕೂ ಅಪಾಯ. ಕಿತ್ತು ತೆಗೆಯಲೂ ಹೋಗಬಾರದು. ಅಡುಗೆ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬೆರಳಲ್ಲೇ ಮೆಲ್ಲಗೆ ಬಿಡಿಸಿ ಬಟ್ಟೆಯಲ್ಲಿ ಒರೆಸಬೇಕು. ಬಿಡದ ಗಂಟಿದ್ದರೆ ಚರ್ಮದಿಂದ ದೂರವಿರುವ ತುದಿಯನ್ನಷ್ಟೇ ಕತ್ತರಿಸಬೇಕು. ಕೊನೆಗೆ ಮಗುವಿನ ಸೋಪು, ಬೆಚ್ಚಗಿನ ನೀರು. ಪೂರ್ತಿ ಒಣಗಿಸಿಯೇ ಮರಿಗಳ ಹತ್ತಿರ ಬಿಡಬೇಕು. ಜೊಲ್ಲು ಸುರಿಸಿದರೆ, ವಾಂತಿ ಮಾಡಿದರೆ, ಉಸಿರಿಗೆ ಕಷ್ಟಪಟ್ಟರೆ ತಕ್ಷಣ ಕರೆತನ್ನಿ ಎಂದರು. ಅಂಟು ಯಾವುದೆಂದು ಗೊತ್ತಾದರೆ ಒಳ್ಳೆಯದು ಎಂದೂ ಸೇರಿಸಿದರು.

ಅಕ್ಕ ಬೆಕ್ಕನ್ನು ತೊಡೆಯ ಮೇಲೆ ಟವೆಲಿನಲ್ಲಿ ಬಿಗಿಯಾಗಿ ಹಿಡಿದಳು. ಪಕ್ಕೆ ಮಾತ್ರ ಹೊರಗಿತ್ತು. ಮೊದಲು ಬೆಚ್ಚನೆಯ ನೀರಿನ ಬಟ್ಟೆಯಿಂದ ಒಂದು ಮೂಲೆ ಉಜ್ಜಿದೆ. ಕರಗಲಿಲ್ಲ. ಹಾಗಾದರೆ ಆಲೆಮನೆಯ ಬೆಲ್ಲದ ಪಾಕವಲ್ಲ. ಮೂಸಿದೆ, ಡಾಂಬರಿನ ವಾಸನೆಯೂ ಇಲ್ಲ. ಕಡಲೆಕಾಯಿ ಎಣ್ಣೆ ಹಚ್ಚಿ ಕಾದೆವು. ಮೇಲೆ ಮರಿಗಳ ಕೂಗು ಜೋರಾಯಿತು. ಆ ಕೂಗು ಕೇಳಿದಾಗಲೆಲ್ಲ ಬೆಕ್ಕು ಮೈ ಸೆಟೆಸುತ್ತಿತ್ತು, ಅಕ್ಕನ ಮುಂಗೈ ಮೇಲೆ ಹೊಸ ಗೀರು ಮೂಡುತ್ತಿತ್ತು.

ಎಣ್ಣೆ ಕುಡಿದ ಮೇಲೆ ಅಂಟು ನಿಧಾನಕ್ಕೆ ಸಡಿಲವಾಯಿತು. ಬೆರಳಿನಲ್ಲಿ ಎಳೆದರೆ ಬಿಳಿ ಎಳೆ ಬರುತ್ತಿತ್ತು. ಆಗ ಹೊಳೆದದ್ದೇನೆಂದರೆ, ನಾವು ಒರೆಸುತ್ತಿರುವುದು ಸಾಕ್ಷಿಯನ್ನೇ. ಸಂಜೆಯ ಹೊತ್ತಿಗೆ ಬೆಕ್ಕಿನ ಮೈ ಚೊಕ್ಕವಾಗುತ್ತದೆ, ಆಮೇಲೆ ಯಾರನ್ನು ಏನು ಕೇಳುವುದು? ಬಿಡದ ಒಂದು ಗಂಟಿನ ತುದಿ ಕತ್ತರಿಸಿದಾಗ ಅದನ್ನು ಬಿಸಾಡದೆ ಕಾಗದದ ಚೂರಿನಲ್ಲಿ ಮಡಚಿ ಜೇಬಿಗೆ ಹಾಕಿದೆ. ಅಕ್ಕ ನೋಡಿದಳು.

“ಪೇಪರ್ನಾಗೆ ಆಕಿಯೇನ್ಲಾ ಅದ್ನ? ಮೊದ್ಲು ಕಾಲು ಇಡ್ಕೊ.”

ಸೋಪಿನ ನೀರು ಹಾಕುವಾಗ ಬೆಕ್ಕು ಕಿರುಚಿತು. ಗೋಡೆಯ ಮೇಲೆ ಆವಯ್ಯನ ತಲೆ ಕಾಣಿಸಿತು.

“ಏನವ್ವ, ಬೆಕ್ಕು ಹಂಗೆ ಕೂಗ್ತಾ ಅದೆ?”

ಅಕ್ಕ ಮುಖ ಎತ್ತಲಿಲ್ಲ. ಮಾತು ಬಿಟ್ಟ ಮನುಷ್ಯ ಇವತ್ತೇ ಯಾಕೆ ಮಾತಾಡಿಸಬೇಕು? ಅವರ ಕಣ್ಣು ಬೆಕ್ಕಿನ ಮೇಲೆ ನಿಂತು, ಆಮೇಲೆ ಡ್ರಮ್ಮಿನ ಕಡೆ ಹೋಗಿ, ತಲೆ ಮರೆಯಾಯಿತು. ಅದನ್ನೂ ಗಮನಿಸಿಟ್ಟುಕೊಂಡೆ.

ಬೆಕ್ಕನ್ನು ಒರೆಸುವ ಕೆಲಸ ಅಕ್ಕನಿಗೆ ಬಿಟ್ಟು ಆಚೆ ಮನೆಗೆ ಹೋದೆ. ನೀವು ಮಾಡಿದಿರಾ ಎಂದು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಕಾಗದ ಬಿಚ್ಚಿ, ಇದೇನು ಮಾವ, ಎಂದಷ್ಟೇ ಕೇಳಿದೆ. ಅವರು ಎಣ್ಣೆಗೂದಲಿನ ಚೂರನ್ನು ಬೆರಳಲ್ಲಿ ಹೊಸಕಿ ಮೂಗಿನ ಹತ್ತಿರ ಹಿಡಿದರು.

“ಅಲಸಿನ ಮೇಣ ಕಣಪ್ಪ. ನಂದೇ ಇರ್ಬೇಕು.”

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ನನಗೆ ಇನ್ನಷ್ಟು ಅನುಮಾನ ತಂದಿತು. ಅವರು ಜಗುಲಿಯಲ್ಲಿ ಕೂತು ಹೇಳಿದರು. ಹಲಗೂರಿನ ಮಗಳ ಮನೆಯಿಂದ ಹಲಸಿನಹಣ್ಣು ಬಂದಿತ್ತು. ಕೊಯ್ಯುವಾಗ ಮೇಣವನ್ನು ಕಡ್ಡಿಗೆ ಸುತ್ತಿ ಎತ್ತಿಟ್ಟಿದ್ದರು. ಅವರ ಮನೆಯಲ್ಲಿ ಅಪ್ಪನ ಕಾಲದಿಂದಲೂ ಒಡೆದ ಮಡಕೆಗೆ, ತೂತಾದ ಬಕೆಟ್ಟಿಗೆ ಮೇಣ ಕಾಯಿಸಿ ಮೆತ್ತುವುದು ರೂಢಿ. ಬೆಳಗ್ಗೆ ಡ್ರಮ್ಮು ಬರಿದಾಗಿದ್ದ ಹೊತ್ತು ನೋಡಿ, ತಮ್ಮ ಕಡೆಯಿಂದಲೇ ಕೈ ಚಾಚಿ ಸೀಳಿಗೆ ಮೆತ್ತಿದ್ದರು. ನಮ್ಮನ್ನು ಕೇಳಲಿಲ್ಲ. ಮಾತೇ ಇಲ್ಲದವರನ್ನು ಕೇಳುವುದು ಹೇಗೆ? ಮಡಕೆ ಇರುವುದು ನೆರಳಲ್ಲಿ, ಡ್ರಮ್ಮು ಇರುವುದು ಬಿಸಿಲಲ್ಲಿ. ಆ ಲೆಕ್ಕ ಅವರಿಗೆ ಹೊಳೆದಿರಲಿಲ್ಲ.

“ಸಂತೇಲಿ ಇಲಿ ಅಂಟು ತಗೊಂಡ್ರಲ್ಲ ಮಾವ?” ಎಂದೆ.

ಅವರು ನನ್ನನ್ನೇ ನೋಡಿದರು. “ಅದ್ಕಾ ಬಂದಿದ್ದು ನೀನು?” ಎಂದು ಗೋಡೆಯ ಗೂಡಿನತ್ತ ಕೈ ತೋರಿಸಿದರು. “ತಂದ ದಿನವೇ ನಿಮ್ ಬೆಕ್ಕು ಇಲಿ ಹಿಡ್ಕೊಂಡ್ ಓಯ್ತು, ಇನ್ನ ಬಿಚ್ಚೋದ್ಯಾಕೆ? ಅಲ್ಲೇ ಅದೆ, ನೋಡ್ಕೊ.”

ನೋಡಿಕೊಂಡೆ. ಹಲಗೆ ಪ್ಲಾಸ್ಟಿಕ್ಕಿನ ಹೊದಿಕೆಯೊಳಗೇ ಇತ್ತು. ಅಂಚು ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿಯೂ ನೋಡಿದೆ. ಇಲ್ಲ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಒಬ್ಬರ ಮಾತಿನ ಮೇಲೆ ಬರೆಯುವುದಿಲ್ಲ. ಗೋಡೆಯ ಹತ್ತಿರ ಹೋಗಿ ಡ್ರಮ್ಮಿನ ಬುಡ ನೋಡಿದೆ. ಮೇಣ ಬಿಸಿಲಿಗೆ ಮೆತ್ತಗಾಗಿ ಕೆಳಗೆ ಇಳಿದಿತ್ತು. ಅದರಲ್ಲಿ ನಮ್ಮ ಬೆಕ್ಕಿನ ಕೂದಲು, ಬಿಳಿ ಮತ್ತು ಬೂದು, ಸಾಲಾಗಿ ನಿಂತಿದ್ದವು. ತಂಪಿಗೆಂದು ಡ್ರಮ್ಮಿಗೆ ಒರಗಿ ಮಲಗುವುದು ಅದರ ದಿನದ ಪರಿಪಾಠ. ಡ್ರಮ್ಮು ಮತ್ತೆ ತುಂಬಿದ್ದರೂ ಆ ಹೊತ್ತಿಗೂ ಸೀಳಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ನಮ್ಮ ಡ್ರಮ್ಮಿಗೆ ಕೈ ಹಾಕಲು ಅವರಿಗೆ ಯಾರು ಹೇಳಿದ್ದರು ಎಂದು ಅಕ್ಕ ಗೊಣಗಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

“ಮೇಣನೇ ಅಂತ ದಿಟವೇನ್ಲಾ? ಇಸ ಏನೂ ಅಲ್ವಲ್ಲ?”

ಕೂದಲು ಕಂಡದ್ದನ್ನು ಮತ್ತೊಮ್ಮೆ ಹೇಳಿದೆ. ಡಾಕ್ಟರಿಗೂ ತಿಳಿಸಿದೆ. ಮೈ ಒಣಗಿದ್ದರೆ ಬಿಡಿ ಅಂದರು. ಅಕ್ಕ ಹೊಟ್ಟೆಯ ಕೂದಲನ್ನು ಎದುರು ದಿಕ್ಕಿಗೆ ಸವರಿ, ಬೆರಳಿಗೆ ಏನೂ ಹತ್ತುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಟವೆಲು ಸಡಿಲಿಸಿದಳು. ಬೆಕ್ಕು ನಮ್ಮಿಬ್ಬರನ್ನೂ ಹಗೆಗಳಂತೆ ನೋಡಿ ಅಟ್ಟಕ್ಕೆ ಹಾರಿತು. ನಾವು ಏಣಿಯ ಬುಡದಲ್ಲಿ ನಿಂತೆವು. ಸೋಪಿನ ವಾಸನೆಯ ತಾಯಿಯನ್ನು ಮರಿಗಳು ಒಪ್ಪುತ್ತವೋ ಇಲ್ಲವೋ ಎಂಬುದು ಅಕ್ಕನ ಹೊಸ ಅಂಜಿಕೆ. ಕೂಗು ಇನ್ನಷ್ಟು ಏರಿತು. ಕುಕ್ಕೆ ಕಿರುಗುಟ್ಟಿತು. ಆಮೇಲೆ ಒಂದೊಂದಾಗಿ ದನಿಗಳು ನಿಂತು, ಚಪ್ಪರಿಸುವ ಸದ್ದೊಂದೇ ಉಳಿಯಿತು. ಅಕ್ಕ ಏಣಿಯ ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಮರುದಿನ ಬೆಳಗ್ಗೆ ಗೋಡೆಯಾಚೆಯಿಂದ ಮೇಣ ಕೆರೆದು ತೆಗೆಯುವ ಸದ್ದು ಕೇಳಿಸಿತು. ಡ್ರಮ್ಮು ಮತ್ತೆ ಅವರ ಅಂಗಳಕ್ಕೆ ತೊಟ್ಟಿಕ್ಕತೊಡಗಿತು. ಅವರು ಸೌದೆ ಆಚೆ ಸರಿಸಿ ಹನಿಯ ಕೆಳಗೆ ಅಲ್ಯೂಮಿನಿಯಂ ಬೋಗುಣಿ ಇಟ್ಟಿದ್ದರು. ಬೆಕ್ಕು ಗೋಡೆ ಇಳಿದು ಅದರಲ್ಲೇ ನೀರು ಕುಡಿಯುತ್ತಿತ್ತು. ಅಕ್ಕ ಗೋಡೆಯ ಮೇಲಿಂದ ತುಂಬ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕರೆದು, ಆವಯ್ಯನಿಗೆ ಕೇಳಿಸದ ಹಾಗೆ ಹೇಳಿದಳು.

“ಓಗಿ ಆ ನೀರ್ನ ಒಂದ್ಸಲ ಮೂಸಿ ನೋಡ್ಕೊಂಡ್ ಬಾ ಓಗ್ಲಾ.”

ಹೋಗಿ ಮೂಸಿ ನೋಡಿದೆ. ಬರೀ ನೀರು.