ಸಾಗುವಾನಿಗೆ ಬಂದ ಹೊಳಪು

ಮಾಸಿದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದನ್ನು ನಾನು ಶುಚಿತ್ವ ಎನ್ನುತ್ತೇನೆ, ಹೆಂಡತಿ ಚಟ ಎನ್ನುತ್ತಾಳೆ. ನಮ್ಮ ದೇವರ ಕೋಣೆಯ ಹಿತ್ತಾಳೆ ಗಣಪತಿಗೆ ಮೂರು ತಲೆಮಾರು ಹುಣಸೆಹುಳಿ ಹಾಕಿ ತಿಕ್ಕಿದ್ದರಿಂದ ಈಗ ಕಣ್ಣಿಲ್ಲ, ಸೊಂಡಿಲು ಇದೆಯೆಂದು ನಂಬಬೇಕು. ಹೊಳಪಿಗೆ ಮಾತ್ರ ಕೊರತೆಯಿಲ್ಲ. ಠಾಣೆ ನಗರದ ನಮ್ಮ ಹೌಸಿಂಗ್ ಸೊಸೈಟಿಯವರೂ ಇದೇ ಮತದವರು. ಪೈಪು ಸೋರಿದರೂ ಸರಿ, ಗೇಟಿಗೆ ವರ್ಷ ವರ್ಷ ಬಣ್ಣ ಬೀಳಲೇಬೇಕು.

ಇಂಥ ನನಗೆ ಸದಾನಂದ ಭಾವ ಬೇರೆ ಇದ್ದಾರೆ, ಹೆಂಡತಿಯ ಅಣ್ಣ. ಸಾನಪಾಡಾದಲ್ಲಿ ಹೊಟೇಲು ನಡೆಸುತ್ತಾರೆ. ಅವರ ಕೌಂಟರಿನಲ್ಲಿ ಗಿರಾಕಿ ಮೀಸೆ ತಿದ್ದಿಕೊಳ್ಳಬಹುದು, ಅಷ್ಟು ಪಾಲಿಶ್. ಕಳೆದ ವರ್ಷ ಅವರು ಒಂದು ಹಳೆಯ ದೋಣಿ ಕೊಂಡು ಬೇಲಾಪುರದ ಖಾಡಿಯ ಉಪ್ಪು ಹಿನ್ನೀರಿನಲ್ಲಿ ಕಟ್ಟಿಹಾಕಿದರು. ಈಜು ಬಾರದವರಿಗೆ ದೋಣಿ ಯಾಕೆಂದು ನಾನು ಕೇಳಲಿಲ್ಲ. ಪಾರ್ಕಿಂಗ್ ಸಿಗದವರೂ ಎರಡನೇ ಕಾರು ಕೊಳ್ಳುತ್ತಾರಲ್ಲ. ದೋಣಿಯ ಡೆಕ್ಕು, ಅಂದರೆ ಮೇಲಿನ ನೆಲ, ಅಪ್ಪಟ ಸಾಗುವಾನಿ. ಬಿಸಿಲಿಗೂ ಉಪ್ಪುನೀರಿಗೂ ಬೂದಿಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಸತ್ಯನಾರಾಯಣ ಪೂಜೆ ಇಟ್ಟು ಊರಿನ ಸಂಘದವರನ್ನೆಲ್ಲ ಕರೆಯಬೇಕೆಂಬುದು ಭಾವನ ಆಸೆ.

"ಈ ಬಣ್ಣ ನೋಡಿದರೆ ಜನ ಎಂತ ಹೇಳಿಯಾರು ಭಾವ? ಗುಜರಿಯ ಭಂಗಾರ್‌ವಾಲನ ಹತ್ರ ತಕೊಂಡದ್ದು ಅಂತಾರೆ" ಎಂದು ನನ್ನಲ್ಲಿ ಹೇಳಿಕೊಂಡರು; ಅವರಿಗೆ ನಾನೂ ಭಾವನೇ.

ಮಲ್ಪೆಯಲ್ಲಿ ದೋಣಿ ಕಟ್ಟಿ ಪಳಗಿದ, ಈಗ ಐರೋಲಿಯಲ್ಲಿ ಮಗಳ ಮನೆಯಲ್ಲಿರುವ ವಾಸು ಆಚಾರಿಯನ್ನು ಕರೆಸಿದೆವು. ಅವರು ಚಪ್ಪಲಿ ಬಿಟ್ಟು ಹತ್ತಿ, ಹಲಗೆಯ ಮೇಲೆ ಅಂಗೈ ಆಡಿಸಿದರು.

"ಇದಕ್ಕೆ ಎಂತದೂ ಬೇಡ ಮಾರಾಯ್ರೆ. ಉಪ್ಪುನೀರು ಹಾಕಿ ಮೆತ್ತಗಿನ ಬ್ರಶ್ಶಿನಲ್ಲಿ ಮರದ ಎಳೆಗೆ ಅಡ್ಡಕ್ಕೆ ತೊಳೀರಿ, ಸಾಕು. ಮರ ಉಳಿದದ್ದೇ ಇಷ್ಟು" ಎಂದು ಕಿರುಬೆರಳಿನ ಉಗುರು ತೋರಿಸಿದರು. "ಉಜ್ಜಿದರೆ ಪೂರಾ ಹೋದೀತು."

ಕೆಲಸ ಬೇಡವೆನ್ನುವ ಕೆಲಸಗಾರನನ್ನು ನಾವು ಯಾವಾಗ ನಂಬಿದ್ದೇವೆ? ವಯಸ್ಸಾಯಿತು, ಬಗ್ಗಲು ಸೋಮಾರಿತನ ಎಂದು ಇಬ್ಬರೂ ತೀರ್ಮಾನಿಸಿದೆವು. ನಾನು ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಇದ್ದವನು. ಕುಳಿತದ್ದು ಆಫೀಸಿನಲ್ಲಾದರೂ ಗೋಡೆಯಾಚೆಯ ಯಂತ್ರಗಳ ಸದ್ದು ಕೇಳಿದ ಅನುಭವವೇನು ಸಣ್ಣದೇ? ಉಜ್ಜುವ ಮಷಿನ್ ಬಾಡಿಗೆಗೆ ತಂದು ಮೂರು ದಿನ ಡೆಕ್ಕಿನ ಮೇಲೆ ಮಂಡಿಯೂರಿದೆ. ಬೂದಿಯ ಕೆಳಗಿನಿಂದ ಜೇನುಬಣ್ಣ ಹೊರಬಂತು. ಅಬ್ಬ, ಆ ಪರಿಮಳ! ಸುಳ್ಳೇಕೆ, ರಿಟೈರ್ ಆದ ಮೇಲೆ ನನಗೆ ಇಷ್ಟು ಸಂತೋಷ ಸಿಕ್ಕಿರಲಿಲ್ಲ. ನಯವಾಯಿತು ಎನ್ನುವಾಗ ಇನ್ನೊಂದು ಕೈ ಎಳೆದೆ. ಸ್ಕ್ರೂಗಳನ್ನು ಮುಚ್ಚಿದ್ದ ಮರದ ಬಿಲ್ಲೆಗಳು ಅಲ್ಲಲ್ಲಿ ಎದ್ದುಹೋದವು. ಕೆಳಗಿನ ಸ್ಕ್ರೂ ತಲೆಗಳೂ ಥಳಥಳಿಸಿದ್ದರಿಂದ ಅದನ್ನು ಅಲಂಕಾರವೆಂದುಕೊಂಡೆ. ಭಾವ ತಮ್ಮ ಕೌಂಟರಿನ ವಾರ್ನಿಶ್ಶನ್ನೇ ತಂದು ಮೂರು ಕೋಟು ಕೊಡಿಸಿದರು.

ಪೂಜೆಯ ದಿನ ಸಂಘದವರು ಡೆಕ್ಕಿನಲ್ಲಿ ಬಗ್ಗಿ ಬಗ್ಗಿ ಮುಖ ನೋಡಿಕೊಂಡರು. ಕಲಶದ ನೀರು ನಾಲ್ಕು ತೊಟ್ಟು ಬಿದ್ದದ್ದೇ ತಡ, ಭಟ್ಟರು ಮಂತ್ರ ಸಮೇತ ಜಾರಿ ಪ್ರಸಾದದ ಪಾತ್ರೆಯ ಪಕ್ಕ ಕುಳಿತರು. ಅವರನ್ನು ಎತ್ತಲು ಹೋದ ಸಂಘದ ಅಧ್ಯಕ್ಷರೂ ಕುಳಿತರು. ಸತ್ಯನಾರಾಯಣ ಕಥೆಯ ನಡುವೆ ಎದ್ದು ಫೋನಿಗೆ ಹೋಗುವ ಧೈರ್ಯ ಆ ದಿನ ಯಾರಿಗೂ ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಗಬಹುದಿತ್ತು. ಮೊದಲ ಮಳೆಗೆ ಸ್ಕ್ರೂ ತೂತುಗಳಿಂದ ನೀರು ಕೆಳಗಿಳಿದು ಹಲಗೆಗಳು ಏಳತೊಡಗಿದವು. ಆಚಾರಿ ಬಂದು ಒಂದನ್ನು ಎರಡೇ ಬೆರಳಿನಲ್ಲಿ ಎತ್ತಿದರು. ಹಪ್ಪಳದಂತೆ ಬಂತು.

"ಏನಾದರೂ ಮಾಡಿ ಆಚಾರ್ರೆ" ಎಂದೆ.

"ಉಜ್ಜಿದ್ದನ್ನು ಪುನಃ ಅಂಟಿಸುವ ಮಷಿನ್ ಉಂಟಾ? ನೀವು ಫ್ಯಾಕ್ಟರಿಯಲ್ಲಿ ಇದ್ದವರಲ್ವಾ, ನಿಮಗೇ ಗೊತ್ತು."

ನನಗೆ ನಿಜವಾಗಿ ನಾಚಿಕೆಯಾಯಿತು. ಸಮುದ್ರವೇ ಉಳಿಸಿಬಿಟ್ಟಿದ್ದ ಮರವನ್ನು ಪುಡಿ ಮಾಡಿ, ಗುಡಿಸಿ, ಕಸದ ಡಬ್ಬಿಗೆ ಹಾಕಿದ್ದೆ.

ಈಗ ಡೆಕ್ಕಿಗೆ ರಬ್ಬರು ಹಾಳೆ ಹಾಸುವುದೆಂದಾಗಿದೆ. ಅಂಗಡಿಯವನು ತೋರಿಸಿದ ಹತ್ತಾರು ನಮೂನೆಗಳಲ್ಲಿ ಭಾವ ಆರಿಸಿದ್ದು ಯಾವುದು ಅಂತೀರಿ? ಬಿಸಿಲಿಗೆ ಮಾಸಿದ ಹಳೆಯ ಸಾಗುವಾನಿಯ ಬೂದಿಬಣ್ಣ. "ಇದಕ್ಕೊಂದು ಗತ್ತು ಉಂಟು ಭಾವ" ಎಂದರು. ನಮೂನೆಯನ್ನು ಆಚಾರಿಯ ಕೈಗಿಟ್ಟೆವು. ಅವರು ಅದರ ಮೇಲೂ ಅಂಗೈ ಆಡಿಸಿ, ನನ್ನ ಮುಖ ನೋಡಿ ಹೇಳಿದರು:

"ಒಳ್ಳೇದು. ನಿಮ್ಮ ಕೈಯಲ್ಲಿ ಇದಾದರೂ ಉಳಿದೀತು."