ಮೊದಲ ರೌಂಡು ಅವರದೇ

ಅವರೆಕಾಳು ಹಿತುಕುತ್ತಿದ್ದಾಗ ಯಜಮಾನರ ಫೋನ್ ಬಂತು. "ನಮ್ಮ ಗಾಡಿ ಮಗುಚ್ಕೊಳ್ತು ಕಣೇ. ಮೆಕ್ಯಾನಿಕ್ ಹೋಗ್ಬಿಟ್ರು. ನಾನು ಒಳಗಿರ್ಲಿಲ್ಲ." ಹಿಡಿದ ಕಾಳು ಕೈಯಲ್ಲೇ ಉಳಿಯಿತು.

ಸುಂಕದಕಟ್ಟೆಯ ಆ ಮೆಕ್ಯಾನಿಕ್ ಹದಿನೈದು ವರ್ಷದಿಂದ ನಮ್ಮ ಗಾಡಿಗಳನ್ನು ನೋಡುತ್ತಿದ್ದವರು. ರಿಪೇರಿಗೆ ಬಂದ ಯಾವುದೇ ಗಾಡಿಯನ್ನು ಮೊದಲು ತಾವೊಬ್ಬರೇ ಓಡಿಸಿ ನೋಡುವರು. "ಮೊದಲ್ನೇ ರೌಂಡ್ ನಂದೇ" ಅನ್ನುವರು. ತಿರುವು ದಾಟಿದ ಮೇಲೆ ಬೆರಳು ಸಡಿಲಿಸಿ, ಸ್ಟೇರಿಂಗ್ ತಾನಾಗಿ ನೆಟ್ಟಗಾಗುತ್ತದೆಯೇ ಎಂದು ನೋಡುವುದು ಅವರ ಅಭ್ಯಾಸ.

ನಮ್ಮ ದೊಡ್ಡ ಎಸ್‌ಯುವಿ ಇನ್ನೂ ಎತ್ತರ ಕಾಣಲೆಂದು ಯಜಮಾನರು ಕಳೆದ ವಾರ ಬೇರೆ ಕಡೆ ಉದ್ದದ ಸ್ಪ್ರಿಂಗ್ ಹಾಕಿಸಿದ್ದರು. ನಾನು ಚಕ್ರಗಳಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದ್ದೆ. ಪೂಜೆಗೆ ಬಂದಿದ್ದ ಮೆಕ್ಯಾನಿಕ್ ಬಗ್ಗಿ ನೋಡಿ, "ನಿಂಬೆಹಣ್ಣು ಸರಿಯಾಗೇ ಇಟ್ಟಿದೀರ ಅಕ್ಕ, ಸ್ಪ್ರಿಂಗೇ ಸರಿ ಇಲ್ಲ. ಇಷ್ಟು ಎತ್ತರ ಆದ್ರೆ ತಿರುವಲ್ಲಿ ಓಲಾಡುತ್ತೆ, ಸ್ಟೇರಿಂಗ್ ಮಾತು ಕೇಳಲ್ಲ" ಅಂದರು.

"ಬೇರೆಯವರು ಹಾಕಿದ್ದಕ್ಕೆ ನಿಮಗೆ ಹೊಟ್ಟೆಕಿಚ್ಚು!" ಎಂದು ಯಜಮಾನರು ನಕ್ಕರು.

ಆಮೇಲೆ ಸ್ಟೇರಿಂಗ್ ಅತ್ತಿತ್ತ ಎಳೆಯತೊಡಗಿತು. ಇವತ್ತು ಬೆಳಿಗ್ಗೆ ಯಜಮಾನರು ಆ ಮೆಕ್ಯಾನಿಕ್ ಹತ್ತಿರವೇ ಹೋದರು. ಜೊತೆಗೆ ಹತ್ತಿ ಕುಳಿತ ಯಜಮಾನರನ್ನು, "ಇಳೀರಿ ಸಾರ್, ಮೊದಲ್ನೇ ರೌಂಡ್ ನಂದೇ" ಎಂದು ಫುಟ್‌ಪಾತಿಗೆ ಇಳಿಸಿದರಂತೆ. ತಿರುವಿನಲ್ಲೇ ಸ್ಕೂಟರೊಂದು ಅಡ್ಡ ಬಂತು. ಅದನ್ನು ತಪ್ಪಿಸಲು ಸ್ಟೇರಿಂಗ್ ತಿರುಗಿಸಿದರು, ಗಾಡಿ ಉರುಳಿತು. ಸ್ಕೂಟರಿನ ಹುಡುಗಿಗೆ ಒಂದು ಗೀರೂ ಆಗಲಿಲ್ಲ.

ಯಜಮಾನರು ಉಳಿದರಲ್ಲ ಎಂದು ದೀಪ ಹಚ್ಚಲು ದೇವರ ಮನೆಗೆ ಹೋದೆ. ಕಡ್ಡಿ ಗೀರಲು ಕೈ ಬರಲಿಲ್ಲ. ಮೊದಲು ಆ ಮೆಕ್ಯಾನಿಕ್‌ಗಾಗಿ ಕೈಮುಗಿದೆ.

ಅವರ ಮನೆಯಲ್ಲಿ ಇವತ್ತು ಒಲೆ ಹಚ್ಚುವಂತಿಲ್ಲ. ಅಡುಗೆಮನೆಗೆ ಬಂದು ದೊಡ್ಡ ಪಾತ್ರೆ ಇಳಿಸಿ, ಅವರ ಮನೆಮಂದಿಗೂ ಸೇರಿಸಿ ಅಕ್ಕಿ ತೊಳೆಯತೊಡಗಿದೆ.